ಎಡಗಡೆಯ ಹಕ್ಕಿ

ಗಂಡನ ಶವದ ಪಕ್ಕ ಕೂತಿದ್ದಾಗ ತಮ್ಮ ಕೊಟ್ಟ ಎರ್ಬಾ ಬುರುಡೆಯನ್ನು ಓತಿಲಿಯಾ ತುಟಿಗೂ ತಾಗಿಸದೆ ಹಿಂದಕ್ಕೆ ಕೊಟ್ಟಳು. ಕೊಡುತ್ತಾ, "ಉಪಕಾರ ಆಯ್ತು" ಅಂದಳು.

ಕಾಡಂಚಿನ ಲಿಂಗೆಕೊ ಊರಿನಲ್ಲಿ ಆ ಮಾತನ್ನು ಯಾರೂ ಸುಮ್ಮನೆ ಆಡುವುದಿಲ್ಲ. ಒಲೆಯ ಸುತ್ತ ಕೂತವರಿಗೆಲ್ಲ ಒಂದೇ ಸೋರೆಬುರುಡೆ, ಒಂದೇ ಕೊಳವೆ. ಮನೆಯವರು ಎರ್ಬಾ ಸೊಪ್ಪಿನ ಮೇಲೆ ಬಿಸಿನೀರು ಹೊಯ್ದು ಕೊಡುತ್ತಾರೆ. ಕುಡಿದವರು ಮಾತಿಲ್ಲದೆ ವಾಪಸು ಕೊಡುತ್ತಾರೆ. ಮತ್ತೆ ನೀರು, ಮತ್ತೆ ಪಕ್ಕದವರ ಕೈಗೆ. ಸಾಕು ಅನ್ನಿಸಿದವರು ಮಾತ್ರ 'ಉಪಕಾರ' ಎನ್ನುತ್ತಾರೆ; ಅಂದರೆ ಇನ್ನು ಬೇಡ. ಕುಡಿಯುವ ಮೊದಲೇ ಹಾಗೆಂದವರನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ತಮ್ಮ ಕ್ಲೊರಿಂದೊ ಬುರುಡೆ ಹಿಡಿದುಕೊಂಡು ನಿಂತೇ ಇದ್ದ. ಮೂಲೆಯಲ್ಲಿ ಜಪಮಣಿ ಎಣಿಸುತ್ತಿದ್ದ ಮುದುಕಿಯರು ಪ್ರಾರ್ಥನೆ ನಿಲ್ಲಿಸಿ ನೋಡಿದರು.

ಅಕ್ಕ ತಮ್ಮನ ನಡುವೆ ಬಂದು ಬಿದ್ದಿದ್ದು ಒಂದು ಹಕ್ಕಿಯ ಕೂಗು. ಗಂಡ ಎರಾಸ್ಮೊ ಸತ್ತ ದಿನ ಬೆಳಿಗ್ಗೆ ಅದು ಕೂಗಿತ್ತೋ, ಕೂಗಿತು ಎಂದು ಕ್ಲೊರಿಂದೊ ಸುಳ್ಳು ಹೇಳಿದ್ದನೋ, ಓತಿಲಿಯಾಗೆ ಗೊತ್ತಾಗಬೇಕಿತ್ತು.

ಹಕ್ಕಿಯ ಹೆಸರು ಚುಕಾವೊ. ಹಿಡಿ ಗಾತ್ರ, ಇಟ್ಟಿಗೆ ಬಣ್ಣದ ಎದೆ, ನೆಟ್ಟಗೆ ನಿಂತ ಬಾಲ. ಹಾರುವುದು ಕಡಿಮೆ. ಹಳೆಯ ಮರಗಳ ಬುಡದಲ್ಲಿ ಬೆಳೆಯುವ ಕೀಲ ಬಿದಿರಿನ ಮೆಳೆಯೊಳಗೆ, ತರಗೆಲೆಯ ಮೇಲೆ ಓಡಾಡಿಕೊಂಡು ಬದುಕುತ್ತದೆ. ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತದೋ, ಕೂಗಿದರೆ ಎದೆಗೆ ತಟ್ಟುತ್ತದೆ. ಕಾಡಿಗೆ ಹೋಗುವವರು ಅದರ ಅಪ್ಪಣೆ ಕೇಳಿಯೇ ಹೋಗಬೇಕು. ಬಲಕ್ಕೆ ಕೂಗಿದರೆ ಹೋಗು. ಎಡಕ್ಕೆ ಕೂಗಿದರೆ ಮನೆಗೆ ತಿರುಗು. ಕೂಗದೇ ಇದ್ದರೂ ತಿರುಗು. ಮೊದಲ ಕೂಗೇ ಲೆಕ್ಕ, ಆಮೇಲಿನದಕ್ಕೆ ಬೆಲೆಯಿಲ್ಲ. ಓತಿಲಿಯಾಳ ಅಜ್ಜ ಹೀಗೆ ತಿರುಗಿ ಬಂದವನು, ಅಪ್ಪನೂ ತಿರುಗಿ ಬಂದವನು. ಅದಕ್ಕಾಗಿ ಅವರನ್ನು ಯಾರೂ ಸೋಮಾರಿ ಅಂದಿರಲಿಲ್ಲ.

ಓತಿಲಿಯಾ ಹುಟ್ಟಿದ್ದು ಹಳ್ಳದ ಕೆಳಗಿನ ಮನೆಯಲ್ಲಿ. ಅಪ್ಪ ಅಲೆರ್ಸೆ ಮರದ ದಿಮ್ಮಿಗಳನ್ನು ತೆಳು ಹಲಗೆಗಳಾಗಿ ಸೀಳಿ ಬೆನ್ನ ಮೇಲೆ ಹೊತ್ತು ತರುತ್ತಿದ್ದ. ಊರಿನ ಗೋಡೆ, ಮಾಡು ಎಲ್ಲ ಆ ಹಲಗೆಗಳವೇ. ಅವ್ವ ಕುರಿ ಸಾಕುತ್ತಿದ್ದಳು, ಆಲೂಗಡ್ಡೆ ಬೆಳೆಯುತ್ತಿದ್ದಳು. ಓತಿಲಿಯಾ ಹಿರಿಯಳು, ಕ್ಲೊರಿಂದೊ ಕಿರಿಯವನು. ಇಬ್ಬರೂ ಕುರಿ ಕಾಯುತ್ತಾ ಕೀಲ ಮೆಳೆಯಲ್ಲಿ ಕೂತು ಚುಕಾವೊ ಹಾಗೆ ಕೂಗುವುದನ್ನು ಕಲಿತಿದ್ದರು. ಅವಳ ಕೂಗಿಗೆ ಹಕ್ಕಿಗಳು ಓಗೊಡುತ್ತಿದ್ದವು, ಅವನ ಕೂಗಿಗೆ ಅವ್ವ ಮಾತ್ರ ಓಗೊಡುತ್ತಿದ್ದಳು, ಕೈಯಲ್ಲಿ ಕೋಲು ಹಿಡಿದು. ಆಮೇಲೆ ಒಮ್ಮೆ ಜಾರಿ ಬಿದ್ದು ಓತಿಲಿಯಾಳ ಮುಂದಿನ ಹಲ್ಲು ಅರ್ಧ ಮುರಿಯಿತು. ಅಂದಿನಿಂದ ಅವಳ ಕೂಗಿನ ಕೊನೆಯಲ್ಲಿ ಗಾಳಿ ಸೋರುವ ಒಂದು ಸದ್ದು ಸೇರಿಕೊಂಡಿತು.

ಒಂದು ಸಲ ಕ್ಲೊರಿಂದೊ ಕುರಿ ಕಾಯುತ್ತಾ ನಿದ್ದೆ ಮಾಡಿ ಮರಿಯೊಂದನ್ನು ಕಳೆದುಕೊಂಡ. ಮನೆಗೆ ಬಂದು, ನರಿ ಬಂದಿತ್ತು ಎಂದ. ಅಷ್ಟಕ್ಕೆ ಬಿಟ್ಟಿದ್ದರೆ ನಡೆದುಹೋಗುತ್ತಿತ್ತೇನೋ. ಅದರ ಬಾಲದ ತುದಿ ಬೆಳ್ಳಗಿತ್ತು, ಒಂದು ಕಿವಿ ಹರಿದಿತ್ತು, ಹಿಂದಿನ ಎಡಗಾಲು ಕುಂಟುತ್ತಿತ್ತು ಎಂದೆಲ್ಲ ಸೇರಿಸಿದ. ಅವ್ವ ಸೌಟು ಕೆಳಗಿಟ್ಟು ಕೇಳಿದಳು: "ಕುಂಟೋ ನರೀನ ಓಡ್ಸೋಕಾಗ್ದೆ ಕಿವಿ ಎಣಿಸ್ತಾ ಕೂತಿದ್ಯೇನೋ?" ಅವತ್ತಿನಿಂದ ಆ ಮನೆಯಲ್ಲಿ ಸುಳ್ಳಿಗೆ ಕುಂಟನರಿ ಎಂದೇ ಹೆಸರಾಯಿತು. ಕ್ಲೊರಿಂದೊ ನಿಜ ಹೇಳುವಾಗ ಒಂದೆರಡು ಮಾತಿನಲ್ಲಿ ಮುಗಿಸುತ್ತಿದ್ದ. ಸುಳ್ಳು ಹೇಳಿದಾಗ ಮಾತ್ರ ನರಿಗೆ ಬಣ್ಣ, ಬಾಲ, ಗಾಯ ಎಲ್ಲ ಬರುತ್ತಿತ್ತು.

ಬೆಳೆದ ಮೇಲೆ ಕ್ಲೊರಿಂದೊ ಎತ್ತು ಹೊಡೆಯುವವನಾದ. ಕ್ಲಾವೆಲ್, ಗಾಲಾನ್ ಎಂಬ ಜೋಡಿ. ಅಲ್ಲಿ ನೊಗವನ್ನು ಕೊರಳಿಗಲ್ಲ, ತೊಗಲಿನ ಹಗ್ಗದಿಂದ ಕೊಂಬಿಗೆ ಬಿಗಿದು ಕಟ್ಟುತ್ತಾರೆ. ಎತ್ತು ತಲೆಯಿಂದಲೇ ದಿಮ್ಮಿ ಎಳೆಯುತ್ತದೆ. ಕಾಡು ಕಡಿಸುವ ಗುತ್ತಿಗೆದಾರ ದೋನ್ ಎಗೊನ್ ಅವನನ್ನೂ, ಅವನ ಎತ್ತುಗಳನ್ನೂ ಕೆಲಸಕ್ಕೆ ಹಿಡಿದ. ಅದೇ ತಂಡದಲ್ಲಿ ಮರ ಬೀಳಿಸುವವನಾಗಿ ದಕ್ಷಿಣದ ದ್ವೀಪಗಳಿಂದ ಬಂದವನು ಎರಾಸ್ಮೊ. ಬಂದ ವರ್ಷವೇ ಓತಿಲಿಯಾ ಬಿಸಿಬೂದಿಯಲ್ಲಿ ಹುಗಿದು ಸುಡುತ್ತಿದ್ದ ರೊಟ್ಟಿ ತಿಂದ, ಮರುವರ್ಷ ಅವಳನ್ನು ಮದುವೆಯಾದ. ರೊಟ್ಟಿ ಮೇಲಿನ ಆಸೆಗೆ ಮದುವೆಯಾದೆ, ಬೂದಿ ಕೂಡ ತಿನ್ನಬೇಕು ಅಂತ ಯಾರೂ ಹೇಳಿರಲಿಲ್ಲ ಎಂದು ತಮಾಷೆ ಮಾಡುತ್ತಿದ್ದ. ಸಂಜೆ ಮನೆಗೆ ಬಂದಾಗ ಕೊಡಲಿಯ ಕಾವಿನಿಂದ ಬಾಗಿಲಿಗೆ ಎರಡು ಸಲ ತಟ್ಟುತ್ತಿದ್ದ, ದಡ್ ದಡ್ ಎಂದು. ಮೋಟಾರು ಗರಗಸ ಬಂದು ಕೊಡಲಿ ಮೂಲೆ ಸೇರಿದ ಮೇಲೂ ಬಾಗಿಲು ತಟ್ಟುವುದಕ್ಕೆಂದೇ ಅದನ್ನು ಹಿಡಿದು ಓಡಾಡುತ್ತಿದ್ದ.

ಕಾಡಿಗೆ ಹೋಗುವ ದಾರಿ ಹಳ್ಳ ದಾಟುವಲ್ಲಿ ಒಂದು ದಿಮ್ಮಿ ಸೇತುವೆಯಿತ್ತು. ತಂಡದವರೆಲ್ಲ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದರು. ಓತಿಲಿಯಾ ಬುಟ್ಟಿಯಲ್ಲಿ ಬಿಸಿ ರೊಟ್ಟಿ, ಹುರಿಹಿಟ್ಟು ತಂದು ಮಾರುತ್ತಿದ್ದಳು. ತಿಂದಾದ ಮೇಲೆ ಎಲ್ಲರೂ ಟೋಪಿ ತೆಗೆದು ಸುಮ್ಮನಾಗುತ್ತಿದ್ದರು. ಮೋಟಾರು ಗರಗಸದ ಸದ್ದಿನಲ್ಲಿ ಉಳಿದವರ ಕಿವಿ ಮಂದವಾಗಿದ್ದರಿಂದ ಕೇಳುವ ಕೆಲಸ ಕ್ಲೊರಿಂದೊನದು. ಅವನು ಕ್ಲಾವೆಲ್‌ನ ಕೊಂಬಿನ ಮೇಲೆ ಕೈಯಿಟ್ಟು ತಲೆ ಬಗ್ಗಿಸಿ ನಿಲ್ಲುತ್ತಿದ್ದ. ಬಲಕ್ಕೆ ಎಂದರೆ ತಂಡ ಹೊರಟಿತು. ಎಡಕ್ಕೆ ಎಂದರೆ, ಎಗೊನ್ ಏನೇ ಬೈಯಲಿ, ಅವತ್ತು ಎಲ್ಲರೂ ಆಲೂಗಡ್ಡೆ ಹೊಲಕ್ಕೆ.

ಮೊದಮೊದಲು ಸೇತುವೆಯ ಎರಡೂ ಬದಿ ಕಾಡೇ ಇತ್ತು. ಎಡಕ್ಕೆ ಇಳಿಜಾರು, ಬಲಕ್ಕೆ ಕಡಿದಾದ ಕಮರಿ. ಇಳಿಜಾರಿನಲ್ಲಿ ಕೆಲಸ ಸುಲಭ. ಮೊದಲು ದಪ್ಪ ಮರಗಳು ಹೋದವು: ಬಿಳಿ ಹೂವಿನ ಉಲ್ಮೊ, ತೆಪಾ, ಕೊಯಿಗೆ. ಆಮೇಲೆ ಬಂದರಿನಲ್ಲಿ ಮರವನ್ನು ಚಕ್ಕೆ ಮಾಡಿ ಹಡಗಿಗೆ ತುಂಬುವುದು ಶುರುವಾಯಿತು. ಚಕ್ಕೆಗೆ ಯಾವ ಮರವಾದರೂ ಆದೀತು. ಸೊಟ್ಟದು, ಟೊಳ್ಳು, ಎಳೆಯದು ಎಲ್ಲ ಹೋದವು. ಉಳಿದ ಕೀಲ ಮೆಳೆಗೆ ಬೇಸಿಗೆಯಲ್ಲಿ ಬೆಂಕಿ ಇಟ್ಟರು. ಸುಟ್ಟ ಬೊಡ್ಡೆಗಳ ನಡುವೆ ಸಾಲಾಗಿ ನೀಲಗಿರಿ ಸಸಿ ನೆಟ್ಟರು. ಕಮರಿಗೆ ಎತ್ತು ಇಳಿಯಲಾರದು. ಹಾಗಾಗಿ ಅದೊಂದು ತುಂಡು ಹಾಗೇ ಉಳಿಯಿತು, ಕತ್ತಲೆ ಕತ್ತಲೆಯಾಗಿ. ತಂಡ ಮೇಲೆ ಮೇಲೆ ಹೋಯಿತು, ದಾರಿ ಉದ್ದವಾಯಿತು. ಹಕ್ಕಿಯನ್ನು ಕೇಳುವ ಜಾಗ ಮಾತ್ರ ಸೇತುವೆಯೇ.

ಒಂದು ಚಳಿಗಾಲದಲ್ಲಿ ಬಿದ್ದ ಉಲ್ಮೊ ಮರದ ಪೊಟರೆಯಲ್ಲಿ ಮೋನಿತೊಗಳು ಸಿಕ್ಕವು, ಬೆರಳುದ್ದದ ಪ್ರಾಣಿಗಳು. ಒಂದಕ್ಕೊಂದು ಅಂಟಿ ಉಂಡೆಯಾಗಿ ಮಲಗಿದ್ದವು, ತಣ್ಣಗೆ, ಸತ್ತಂತೆ. ಚಳಿ ಕಳೆಯುವವರೆಗೆ ಅವು ಏಳುವುದಿಲ್ಲ. ಅವನ್ನು ನೋಡಿದರೆ ಕೇಡು ಎಂದು ಉಳಿದವರು ದೂರ ಸರಿದರು. ಎರಾಸ್ಮೊ ತನ್ನ ಟೋಪಿಯಲ್ಲಿ ಇಡೀ ಉಂಡೆಯನ್ನು ಎತ್ತಿಕೊಂಡು ಹೋಗಿ ಬೇರೊಂದು ಮರದ ಪೊಟರೆಯಲ್ಲಿಟ್ಟು, ಪೊಟರೆಯ ಬಾಯಿಗೆ ಪಾಚಿ ತುರುಕಿ ಬಂದ. ಸ್ವಲ್ಪ ದಿನದಲ್ಲೇ ಆ ಮರದ ಸರದಿ ಬಂತು. ಕಡಿದವನು ಅವನೇ. ಅವತ್ತು ರಾತ್ರಿ ಊಟ ಮಾಡಲಿಲ್ಲ. ಏನಾಯಿತು ಎಂದು ಓತಿಲಿಯಾ ಕೇಳಿದರೆ, ಟೋಪಿ ಎಲ್ಲೋ ಬಿತ್ತು ಎಂದಷ್ಟೇ ಹೇಳಿದ. ಟೋಪಿ ತಲೆಯ ಮೇಲೇ ಇತ್ತು.

ಅವನು ಸತ್ತ ಬೆಳಿಗ್ಗೆ ಮಂಜು, ಜಿನುಗು ಮಳೆ. ಹಳ್ಳ ತುಂಬಿ ಮೊರೆಯುತ್ತಿತ್ತು. ಬಂದರಿನಲ್ಲಿ ಹಡಗು ಕಾಯುತ್ತಿದೆ ಎಂದು ಎಗೊನ್ ಸ್ವತಃ ತನ್ನ ವಾಹನದಲ್ಲಿ ಬಂದಿದ್ದ. ಎಂಜಿನ್ ನಿಲ್ಲಿಸದೆ ಕೂತಿದ್ದ. ಎಲ್ಲರೂ ಟೋಪಿ ತೆಗೆದು ಕಾದರು. ಓತಿಲಿಯಾಳೂ ಬುಟ್ಟಿ ಹಿಡಿದು ಕಿವಿಗೊಟ್ಟಳು. ಅವಳಿಗೆ ನೀರಿನ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಕ್ಲೊರಿಂದೊ ಬಹಳ ಹೊತ್ತು ತಲೆ ಬಗ್ಗಿಸಿ ನಿಂತಿದ್ದ. ಆಮೇಲೆ "ಬಲಕ್ಕೆ" ಎಂದು ಎತ್ತುಗಳನ್ನು ಹೊಡೆದ.

ಕಡಿದು ಮುಗಿಸಿದ ಜಾಗದ ಅಂಚಿನಲ್ಲಿ ಒಂದು ಹಳೆಯ ತೆಪಾ ಮರ ನಿಂತಿತ್ತು. ಸುತ್ತಲಿನ ಮರಗಳ ಆಸರೆಯಲ್ಲಿ ಬೆಳೆದ ಮರ. ಅವೆಲ್ಲ ಹೋದ ಮೇಲೆ ಬರಿಯ ಗಾಳಿಗೆ ಮೈಯೊಡ್ಡಿ ನಿಲ್ಲುವುದು ಅದಕ್ಕೆ ಗೊತ್ತಿರಲಿಲ್ಲ. ಎರಾಸ್ಮೊ ಬೇರೊಂದು ಮರದ ಬುಡದಲ್ಲಿ ಬಗ್ಗಿದ್ದಾಗ ಗಾಳಿ ಬೀಸಿ ಅದರ ಕೊಂಬೆ ಮುರಿಯಿತು. ಗರಗಸದ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಮಧ್ಯಾಹ್ನದ ಮೊದಲೇ ಕ್ಲಾವೆಲ್, ಗಾಲಾನ್ ಅವನನ್ನು ದಿಮ್ಮಿ ಎಳೆಯುವ ಜಾರುಬಂಡಿಯಲ್ಲಿ ಅದೇ ಸೇತುವೆಯ ಮೇಲೆ ಕೆಳಗೆ ತಂದವು.

ಶವದ ಮುಂದೆ ಬುರುಡೆ ಹಿಂದಕ್ಕೆ ಕೊಟ್ಟದ್ದು ಆ ಸಂಜೆ. ಮಣ್ಣು ಮಾಡಿದ ಮರುದಿನ ಕ್ಲೊರಿಂದೊ ಅಕ್ಕನ ಅಂಗಳಕ್ಕೆ ಬಂದು ನಿಂತ.

"ಬಲಕ್ಕೇ ಕೂಗ್ತು ಅಕ್ಕ."

"ನಂಗೆ ಕೇಳ್ಲಿಲ್ಲ."

"ಹಳ್ಳದ ಸದ್ದು."

"ಹಳ್ಳದ ಸದ್ದೋ, ಎಗೊನ್ ಗಾಡಿ ಸದ್ದೋ?"

ಓತಿಲಿಯಾ ಬಾಗಿಲು ಮುಚ್ಚಿಕೊಂಡಳು. ಉತ್ತರ ಕೊಡದಿದ್ದವನು ಸುಳ್ಳನೋ, ನೊಂದವನೋ ಎಂದು ಬಾಗಿಲ ಹಿಂದೆ ನಿಂತವಳಿಗೆ ತಿಳಿಯಲಿಲ್ಲ. ಬಿರುಕಿನಲ್ಲಿ ನೋಡಿದಳು, ಬಹಳ ಹೊತ್ತು ಅಲ್ಲೇ ನಿಂತಿದ್ದ. ಆಮೇಲೆ ಅವಳ ಸೌದೆ ಒಡೆದಿಟ್ಟು ಹೋದ.

ಮರುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ದಡ್ ದಡ್, ಎರಡು ಸಲ. ಓತಿಲಿಯಾ ಕೈಯಲ್ಲಿದ್ದ ಹಿಟ್ಟಿನ ಸಮೇತ ಓಡಿ ಹೋಗಿ ತೆರೆದಳು. ಯಾರೂ ಇರಲಿಲ್ಲ. ಒಳಗೆ ಬಂದು ಕೂತರೆ ಮತ್ತೆ ದಡ್ ದಡ್. ಮೂರನೆಯ ಸಲ ಮನೆ ಸುತ್ತಿ ಹೋಗಿ ನೋಡಿದಳು. ಕೆಂಪು ತಲೆಯ ದೊಡ್ಡ ಕರಿ ಮರಕುಟಿಗ, ಗೋಡೆಯ ಹಲಗೆಗೆ ಉಗುರು ನೆಟ್ಟು ಕೂತಿತ್ತು. ಒಳಗೆ ಹುಳುವಿರುವ ಮುದಿ ಮರ, ಒಣಮರ ಬೇಕು ಅದಕ್ಕೆ. ಇಳಿಜಾರಿನಲ್ಲಿ ಅಂಥದ್ದೊಂದೂ ಉಳಿದಿರಲಿಲ್ಲ. ಅಪ್ಪ ಸೀಳಿದ ಹಲಗೆಯನ್ನು ಅದು ತಟ್ಟುತ್ತಿತ್ತು, ತಲೆ ಓರೆ ಮಾಡಿ ಕೇಳುತ್ತಿತ್ತು, ಮತ್ತೆ ತಟ್ಟುತ್ತಿತ್ತು. ಒಳಗೆ ಏನೂ ಇರಲಿಲ್ಲ.

ಪಕ್ಕದ ಮನೆಯ ರುದೆಸಿಂದಾ, ಬಂದೂಕಿರುವ ತನ್ನ ಗಂಡನನ್ನು ಕಳಿಸುತ್ತೇನೆ ಎಂದಳು. "ಸತ್ತವರ ಸದ್ದು ಮನೇಲಿ ಇರಬಾರದು ಕಣೆ." ಓತಿಲಿಯಾ ಬೇಡವೆಂದಳು. ಹಕ್ಕಿಯೆಂದು ಗೊತ್ತಾದ ಮೇಲೂ ಬೆಳಿಗ್ಗೆ ಸದ್ದಾದಾಗಲೆಲ್ಲ ಎದ್ದು ಹೋಗಿ ಬಾಗಿಲು ತೆರೆಯುತ್ತಿದ್ದಳು. ತೆರೆಯದೆ ಕೂತಿರಲು ಅವಳಿಂದಾಗಲಿಲ್ಲ.

ಮೇಲಿನ ಕಾಡು ತೆಳುವಾದ ಹಾಗೆ ಇನ್ನೂ ಏನೇನೋ ಊರಿಗೆ ಇಳಿಯಿತು. ಮೊಣಕಾಲೆತ್ತರದ ಪುದು ಜಿಂಕೆಯೊಂದು ಅವಳ ಆಲೂಗಡ್ಡೆ ಸಾಲಿನಲ್ಲಿ ನಿಂತು ಯಾವ ಕಡೆ ಹೋಗಬೇಕೆಂದು ತಿಳಿಯದೆ ಸುತ್ತುತ್ತಿತ್ತು. ಬೇಲಿಯ ಸಂದಿ ತೋರಿಸಿ ಓಡಿಸಬೇಕೆಂದು ಅವಳು ಹೋಗುವಷ್ಟರಲ್ಲಿ ಊರ ನಾಯಿಗಳು ಬಂದವು. ಅವು ಮುಗಿಸುವವರೆಗೂ ಅವಳು ಕಿವಿ ಮುಚ್ಚಿ ನಿಂತಿದ್ದಳು.

ರೊಟ್ಟಿ ಮಾರುವುದನ್ನು ಅವಳು ಬಿಟ್ಟಿದ್ದಳು. ಆದರೆ ಸೇತುವೆಗೆ ಹೋಗುವುದನ್ನು ಬಿಡಲಿಲ್ಲ. ತಂಡ ಬರುವ ಮೊದಲೇ ಹೋಗಿ, ಕೇಳಿ, ಅವರು ಬರುವಷ್ಟರಲ್ಲಿ ಹಿಂದಿರುಗುತ್ತಿದ್ದಳು. ಮಂಜಿದ್ದಾಗ ಹೋದಳು, ಹಳ್ಳ ತುಂಬಿದ್ದಾಗ ಹೋದಳು. ಅಂಥ ದಿನ ಹಕ್ಕಿ ಕೂಗುತ್ತದೆಯೇ, ಕೂಗಿದರೆ ಕೇಳುತ್ತದೆಯೇ ಎಂದು ನೋಡಬೇಕಿತ್ತು. ಕೆಲವು ದಿನ ಕೇಳಿತು, ಕೆಲವು ದಿನ ಇಲ್ಲ. ಕೇಳಿದಾಗಲೆಲ್ಲ ಬಲಕ್ಕೇ ಕೇಳಿತು. ಕಮರಿಯ ಕತ್ತಲಿನಿಂದ ಒಂದೇ ದನಿ. ಕೂಗಿ ನಿಲ್ಲಿಸುತ್ತಿತ್ತು. ಚುಕಾವೊ ಕೂಗಿದರೆ ಇನ್ನೊಂದು ಎಲ್ಲಿಂದಲೋ ಓ ಅನ್ನಬೇಕು, ಅದು ಅವುಗಳ ಪದ್ಧತಿ. ಇದು ಕೂಗಿ ಕಾಯುತ್ತಿತ್ತು. ಯಾರೂ ಓ ಅನ್ನುತ್ತಿರಲಿಲ್ಲ. ಮತ್ತೆ ಕೂಗುತ್ತಿತ್ತು.

ಒಂದು ದಿನ ಕೇಳಿಸಿಕೊಂಡು ಹಿಂದಕ್ಕೆ ತಿರುಗಿದಾಗ ಅದು ಮತ್ತೆ ಕೂಗಿತು, ಈಗ ಅವಳ ಎಡಕ್ಕೆ. ಓತಿಲಿಯಾಗೆ ಎರಾಸ್ಮೊನ ಹಳೆಯ ತಮಾಷೆ ನೆನಪಾಯಿತು. ಕೊನೆಯ ಎರಡು ಮೂರು ವರ್ಷ ತಂಡ ಸಂಜೆ ಇಳಿದು ಬರುವಾಗ ಸೇತುವೆಯ ಹತ್ತಿರ ಹಕ್ಕಿ ದಿನಾ ಎಡಕ್ಕೇ ಕೂಗುತ್ತಿತ್ತು. ಎರಾಸ್ಮೊ ಟೋಪಿ ಎತ್ತಿ, "ನೋಡ್ರಪ್ಪಾ, ಕಾಡಿಗೆ ಹೋಗು ಅನ್ನತ್ತೆ, ಮನೆಗೆ ಬೇಡ ಅನ್ನತ್ತೆ. ಈ ಹಕ್ಕಿಗೂ ಹೆಂಡ್ತಿ ಇರಬೇಕು" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವಳೂ ನಕ್ಕಿದ್ದಳು.

ಸೇತುವೆಯ ಮೇಲೆ ನಿಂತು ಅವಳು ಒಮ್ಮೆ ಮೇಲಕ್ಕೆ ಮುಖ ಮಾಡಿದಳು, ಒಮ್ಮೆ ಕೆಳಕ್ಕೆ. ಮೇಲೆ ಹೋಗುವವನಿಗೆ ಕಮರಿ ಬಲಕ್ಕೆ. ಕಾಡು ಇರುವುದು ಅಲ್ಲೊಂದೇ ಕಡೆ. ಮೆಳೆ ಬಿಟ್ಟು ಚುಕಾವೊ ಬಯಲಿಗೆ ಕಾಲಿಡುವುದಿಲ್ಲ, ನಾಲ್ಕು ಮಾರು ಬರಿನೆಲ ಕೂಡ ದಾಟುವುದಿಲ್ಲ. ಎಡಕ್ಕಿದ್ದದ್ದು ಬೊಡ್ಡೆ, ಬೂದಿ, ನೀಲಗಿರಿ ಸಸಿಯ ಸಾಲು. ಬೇಡ ಎನ್ನಬೇಕಾದ ಹಕ್ಕಿ ಇರಬೇಕಾಗಿದ್ದ ಜಾಗ ಅದು. ಅದನ್ನು ಕಡಿದವನು ಅವಳ ಗಂಡ, ಎಳೆದವನು ಅವಳ ತಮ್ಮ, ಅವರಿಬ್ಬರಿಗೂ ರೊಟ್ಟಿ ಹಾಕಿದವಳು ಅವಳು. ಆಮೇಲೂ ವರ್ಷಗಟ್ಟಲೆ ಟೋಪಿ ತೆಗೆದು ನಿಂತು ಹೋಗಬಹುದಾ ಎಂದು ಕೇಳುತ್ತಿದ್ದರು. ಹೋಗು ಎನ್ನುವುದೊಂದೇ ಉಳಿದಿತ್ತು.

ಇಷ್ಟು ತಿಳಿದ ಮೇಲೂ ಅವಳ ಎದೆಯ ಮುಳ್ಳು ಅಲ್ಲೇ ಇತ್ತು. ಹಕ್ಕಿಗೆ ಎಡವಿಲ್ಲದಿರಬಹುದು. ಆದರೆ ಅವತ್ತು ಅದು ಬಾಯಿ ಬಿಟ್ಟಿತ್ತೇ? ಬಿಡದೇ ಇದ್ದರೂ ಬಲಕ್ಕೆ ಎಂದನೇ ಕ್ಲೊರಿಂದೊ? ತಾನು ಎತ್ತಿ ಆಡಿಸಿದ ತಮ್ಮ, ಎಗೊನ್‌ಗೆ ಹೆದರಿ ತನ್ನ ಗಂಡನನ್ನು ಮೇಲೆ ಕಳಿಸಿದನೇ? ಅವನು ಭಾನುವಾರ ಪ್ರಾರ್ಥನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಇವಳ ಬೆನ್ನು ನೋಡುತ್ತಿದ್ದ. ಇವಳು ತಿರುಗುತ್ತಿರಲಿಲ್ಲ.

ಬೇಸಿಗೆ ಮುಗಿಯುವಾಗ ರುದೆಸಿಂದಾ ಸುದ್ದಿ ತಂದಳು. ಎಗೊನ್ ತಂತಿಹಗ್ಗ ಸುತ್ತುವ ಯಂತ್ರವೊಂದನ್ನು ತರಿಸಿದ್ದಾನೆ, ಇನ್ನು ಎತ್ತು ಇಳಿಯದ ಕಮರಿಯಿಂದಲೂ ದಿಮ್ಮಿ ಮೇಲೆ ಬರುತ್ತದೆ. ಮೇಲೆ ಬಂದದ್ದನ್ನು ರಸ್ತೆಗೆ ಎಳೆಯಲು ಕ್ಲೊರಿಂದೊನ ಜೋಡಿ. ಸೋಮವಾರ ಶುರು.

ಸೋಮವಾರ ಬೆಳಕು ಹರಿಯುವ ಮೊದಲು ಓತಿಲಿಯಾ ಸೇತುವೆ ದಾಟಿ ಎಡಕ್ಕೆ ಹೊರಳಿದಳು. ಸುಟ್ಟ ಬೊಡ್ಡೆಗಳ ನಡುವೆ ಅವಳು ಹಿಂದೆಂದೂ ನಡೆದಿರಲಿಲ್ಲ. ಒಂದು ಕಾಲಕ್ಕೆ ಇಲ್ಲಿ ಹತ್ತು ಹೆಜ್ಜೆಗೆ ದಾರಿ ತಪ್ಪುತ್ತಿತ್ತು. ಈಗ ಸೇತುವೆ, ಊರು, ತನ್ನ ಮನೆಯ ಹೊಗೆ ಎಲ್ಲ ಕಾಣುತ್ತಿತ್ತು. ಒಂದು ದೊಡ್ಡ ಉಲ್ಮೊ ಬೊಡ್ಡೆಯ ಹಿಂದೆ ಕೂತಳು. ಕಡಿತದ ಗುರುತು ನೋಡಿದರೆ ಎರಾಸ್ಮೊನ ಕೈಯದೇ. ಮರ ಬೀಳುವ ಕಡೆಗೆ ಅವನು ಬುಡದಲ್ಲಿ ಕಚ್ಚು ಹಾಕುತ್ತಿದ್ದ ರೀತಿ ಬೇರೆ ಯಾರದೂ ಅಲ್ಲ. ಆ ಗುರುತಿನ ಮೇಲೆ ಕೈಯಿಟ್ಟುಕೊಂಡಳು.

ತಂಡ ಬಂತು. ಎಗೊನ್‌ನ ವಾಹನವೂ ಬಂತು. ಮಾತು ನಿಂತಿತು, ಟೋಪಿಗಳು ಕೆಳಗಿಳಿದವು. ಕಮರಿಯ ಹಕ್ಕಿ ಇನ್ನೂ ಕೂಗಿರಲಿಲ್ಲ. ಅದಕ್ಕಿಂತ ಮುಂಚೆ ಕೂಗಬೇಕು. ಎಷ್ಟು ವರ್ಷದ ಮೇಲೋ ಓತಿಲಿಯಾ ಎರಡೂ ಕೈ ಬಾಯಿಗೆ ಹಿಡಿದು ಚುಕಾವೊ ಕೂಗಿದಳು. ಮುರಿದ ಹಲ್ಲಿನ ಸಂದಿಯಿಂದ ಕೊನೆಯಲ್ಲಿ ಗಾಳಿ ಸೋರಿತು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕಮರಿಯಿಂದ ಉತ್ತರ ಬಂತು. ದಿನಾ ಕೇಳುತ್ತಿದ್ದ ಕೂಗಲ್ಲ ಅದು. ಒಂದರ ಮೇಲೊಂದು, ಉಸಿರಿಗೆ ಬಿಡುವಿಲ್ಲದೆ, ಅಂಚಿಗೆ ಓಡಿ ಬರುತ್ತಾ. ಓತಿಲಿಯಾ ಮನುಷ್ಯರಿಗೆಂದು ಕೂಗಿದ್ದಳು, ಹಕ್ಕಿಯೊಂದು ನಂಬಿಬಿಟ್ಟಿತ್ತು.

ಸೇತುವೆಯಲ್ಲಿ ಗುಸುಗುಸು ಎದ್ದಿತು. ಗರಗಸದ ಬೆಲಾರ್ಮಿನೊ, ಎಲ್ಲದಕ್ಕೂ ಅಡ್ಡಮಾತು ಆಡುವವನು, ಇಳಿಜಾರಿನ ಕಡೆ ಕೈ ತೋರಿಸಿದ.

"ಅಲ್ಲಿ ಕೋಳಿ ಬಚ್ಚಿಟ್ಕೊಳ್ಳೋಕೂ ಪೊದೆ ಇಲ್ಲ. ಹಕ್ಕಿ ಎಲ್ಲಿ ಕೂತಿದ್ದೀತು? ಕ್ಲೊರಿಂದೊ, ಮೊದ್ಲು ಎಲ್ಲಿ ಕೂಗಿದ್ದು, ನೀನೇ ಹೇಳು."

ಕ್ಲೊರಿಂದೊ ಕ್ಲಾವೆಲ್‌ನ ಕೊಂಬಿನಿಂದ ಕೈ ತೆಗೆದು ತಲೆಯೆತ್ತಿದ. ಉಲ್ಮೊ ಬೊಡ್ಡೆಯ ಕಡೆಗೇ ನೋಡಿದ. ಬೊಡ್ಡೆಯ ಬಿರುಕಿನಿಂದ ಓತಿಲಿಯಾಗೆ ಅವನ ಮುಖ ಕಾಣುತ್ತಿತ್ತು.

"ಎಡಕ್ಕೆ," ಎಂದ. ಅಷ್ಟಕ್ಕೆ ನಿಲ್ಲಿಸಲಿಲ್ಲ. "ಎಡಕ್ಕೇ ಕೂಗಿದ್ದು. ಅಗೋ ಆ ದೊಡ್ಡ ಬೊಡ್ಡೆ ಇದ್ಯಲ್ಲ, ಅದರ ಹಿಂದೆ. ನಾನು ಕಣ್ಣಾರೆ ಕಂಡೆ. ಹೆಣ್ಣಕ್ಕಿ, ವಯಸ್ಸಾದ್ದು. ಬಾಲದಲ್ಲಿ ಒಂದು ಗರಿ ಇಲ್ಲ, ಎದೆ ಹತ್ರ ಬಣ್ಣ ಸ್ವಲ್ಪ ಮಾಸಿದೆ. ಒಂದು ಕಾಲು…" ಇಲ್ಲಿ ಅವನ ದನಿ ತಡವರಿಸಿತು. "ಒಂದು ಕಾಲು ಎಳೀತಿತ್ತು."

ಓತಿಲಿಯಾ ಹೊದ್ದ ಉಣ್ಣೆ ಶಾಲಿನ ಅಂಚನ್ನು ಬಾಯಿಗೆ ತುರುಕಿಕೊಂಡಳು. ನಗುವೋ ಅಳುವೋ ಅವಳಿಗೇ ಗೊತ್ತಿರಲಿಲ್ಲ. ಅವ್ವನ ಮನೆಯ ಕುಂಟನರಿ, ಬಾಲ, ಬಣ್ಣ, ಗಾಯ ಸಮೇತ ಸೇತುವೆಯ ಮೇಲೆ ನಿಂತಿತ್ತು. ಇದು ಅವನು ಸುಳ್ಳು ಹೇಳುವ ರೀತಿ. ಎರಾಸ್ಮೊ ಸತ್ತ ಬೆಳಿಗ್ಗೆ ಅದೇ ಜಾಗದಲ್ಲಿ ನಿಂತು ಅವನು ಹೇಳಿದ್ದು ಒಂದೇ ಮಾತು. ಅಂಗಳಕ್ಕೆ ಬಂದು ನಿಂತಾಗಲೂ ಒಂದೆರಡೇ ಮಾತು. ಅವತ್ತು ಹಕ್ಕಿ ಕೂಗಿತ್ತು. ಹಳ್ಳದ ಸದ್ದಿನಲ್ಲಿ ಅವಳಿಗೆ ಕೇಳಿರಲಿಲ್ಲ, ಅಷ್ಟೆ.

ಕ್ಲೊರಿಂದೊ ಎತ್ತುಗಳನ್ನು ಊರಿನ ಕಡೆ ತಿರುಗಿಸಿದ. ಉಳಿದವರು ಟೋಪಿ ಹಾಕಿಕೊಂಡು ಅವನ ಹಿಂದೆ ನಡೆದರು. ಬೆಲಾರ್ಮಿನೊ ಕೂಡ, ಒಂದೆರಡು ಸಲ ಹಿಂತಿರುಗಿ ನೋಡುತ್ತಾ. ಎಗೊನ್ ವಾಹನದಿಂದಿಳಿದು ಕೂಗಾಡಿದ, ಹಕ್ಕಿಗೆ ಸಂಬಳ ಕೊಡುವುದು ತಾನಲ್ಲ ಎಂದ, ನಾಳೆ ಬರದಿದ್ದರೆ ಹೊರಗಿನವರನ್ನು ತರುತ್ತೇನೆ ಎಂದ. ಯಾರೂ ನಿಲ್ಲಲಿಲ್ಲ.

ಆ ಮಧ್ಯಾಹ್ನ ಓತಿಲಿಯಾ ರೊಟ್ಟಿ ಸುಟ್ಟು, ಬೂದಿ ಕೊಡವಿ, ಬಟ್ಟೆಯಲ್ಲಿ ಸುತ್ತಿಕೊಂಡು ತಮ್ಮನ ಮನೆಗೆ ಹೋದಳು. ಅವನು ಒಲೆಯ ಮುಂದೆ ಒಬ್ಬನೇ ಕೂತಿದ್ದ. ಅವಳನ್ನು ನೋಡಿ ಎದ್ದ. ಮರದ ಕುರ್ಚಿಯನ್ನು ಕೈಯಿಂದ ಒರೆಸಿ ಮುಂದಕ್ಕೆ ತಳ್ಳಿದ. ಕೂತಳು. ಅವನು ಬುರುಡೆಗೆ ಎರ್ಬಾ ಹಾಕಿ ನೀರು ಹೊಯ್ದ.

"ಇವತ್ತು ನಿನ್ ನರಿ ಕುಂಟ್ತಿತ್ತು ಕಣೋ," ಎಂದಳು.

"ನಿನ್ ಹಕ್ಕಿಗೂ ಅರ್ಧ ಹಲ್ಲಿರ್ಲಿಲ್ಲ."

ಅವಳು ಬುರುಡೆ ತೆಗೆದುಕೊಂಡು ಕುಡಿದಳು. ಬಿಸಿ ಹೆಚ್ಚಾಗಿತ್ತು, ಆದರೂ ನಿಲ್ಲಿಸದೆ ಕುಡಿದಳು. ಸೇತುವೆಯ ಮೇಲೆ ತನಗೆ ಹೊಳೆದದ್ದನ್ನು ಅವನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಳು. ಕ್ಲೊರಿಂದೊನೇ ಹೇಳಿದ, ಒಲೆಯ ಕಡೆ ನೋಡುತ್ತಾ:

"ಭಾವನ್ನ ಕೆಳಗೆ ತರೋವಾಗ ಗೊತ್ತಾಯ್ತು ಅಕ್ಕ. ಎಡಗಡೆ ಕೂಗೋಕೆ ಏನನ್ನೂ ನಾವು ಬಿಟ್ಟಿರ್ಲಿಲ್ಲ."

ಅವಳು ಖಾಲಿ ಬುರುಡೆಯನ್ನು ಅವನ ಕೈಗೆ ಕೊಟ್ಟಳು. ಉಪಕಾರ ಎನ್ನಲಿಲ್ಲ. ಅವನು ಮತ್ತೆ ನೀರು ಹೊಯ್ದ.

ಎಗೊನ್ ಹೊರಗಿನವರನ್ನು ತರುವಷ್ಟರಲ್ಲಿ ಮಳೆ ಹಿಡಿಯಿತು. ಮೇಲೆ ಮರವಿಲ್ಲದ ಮಣ್ಣು ಜಾರಿ ದಾರಿಯನ್ನು ಮುಚ್ಚಿತು. ಯಂತ್ರವನ್ನು ಬೇರೆ ಬೆಟ್ಟಕ್ಕೆ ಒಯ್ದರು. ದಾರಿ ಒಣಗಿದ ಮೇಲೆ ಅದು ವಾಪಸು ಬರುತ್ತದೆ ಎನ್ನುತ್ತಾರೆ. ಅದರ ಜೊತೆ ಬರುವವರು ಸೇತುವೆಯಲ್ಲಿ ನಿಲ್ಲುವ ಜನವಲ್ಲ.

ಆ ಸೋಮವಾರದಿಂದ ಕಮರಿಯ ಹಕ್ಕಿ ಬೇರೆ ಥರ ಕೂಗುತ್ತದೆ. ಮುಂಚೆ ಒಳಗೆಲ್ಲೋ ಇರುತ್ತಿದ್ದದ್ದು ಈಗ ಬೆಳಗಾಗುತ್ತಲೇ ದಾರಿಯ ಅಂಚಿಗೆ ಬಂದು ಇಳಿಜಾರಿನ ಕಡೆಗೆ ಕೂಗುತ್ತದೆ. ಮರಕುಟಿಗ ಗೋಡೆ ತಟ್ಟಿದ ಮೇಲೆ ಓತಿಲಿಯಾ ಎದ್ದು, ಬಾಗಿಲು ತೆರೆದು, ಹಾಗೇ ನಡೆದು ಹೋಗಿ ಎರಾಸ್ಮೊ ಕಡಿದ ಬೊಡ್ಡೆಯ ಹಿಂದೆ ಕೂತು ಅದಕ್ಕೆ ಓಗೊಡುತ್ತಾಳೆ. ಒಂದು ಸಲ ಜ್ವರ ಬಂದು ಹೋಗಲಾಗಲಿಲ್ಲ. ಅವತ್ತು ಕತ್ತಲಾಗುವವರೆಗೂ ಅದು ನಿಲ್ಲಿಸಲಿಲ್ಲ ಎಂದು ರುದೆಸಿಂದಾ ಹೇಳಿದಳು. ಎಡಕ್ಕೆ ಕೂಗುವುದು ಏನೆಂದು ಊರಿಗೆಲ್ಲ ಗೊತ್ತಿದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕೇಳಿದವರು ಮನೆಗೆ ತಿರುಗುತ್ತಾರೆ.

ಮೊನ್ನೆ ಮೊದಲ ಬಾರಿಗೆ ಅವಳು ಕಮರಿಯ ಹಕ್ಕಿಯನ್ನು ಕಂಡಳು. ಕೊನೆಯ ಜರಿಗಿಡದ ಕೆಳಗಿನಿಂದ ಹೊರಬಂದು ದಾರಿಯ ಬರಿಮಣ್ಣಿನ ಮೇಲೆ ಒಂದು ಕಾಲಿಟ್ಟಿತು. ಕೆಂಪೆದೆ, ನೆಟ್ಟಗೆ ನಿಂತ ಬಾಲ. ಅವಳಿರುವ ಕಡೆಗೆ ನೋಡಿತು. ಬಾ ಎನ್ನುವುದಕ್ಕೂ ಅವಳಿಗೆ ಧೈರ್ಯವಾಗಲಿಲ್ಲ, ಬೇಡ ಎನ್ನುವುದಕ್ಕೂ ಆಗಲಿಲ್ಲ. ಅದು ಕಾಲನ್ನು ಹಿಂದಕ್ಕೆ ಎಳೆದುಕೊಂಡು ಜರಿಯೊಳಗೆ ಹೋಯಿತು. ಅಲ್ಲಿಂದ ಮತ್ತೆ ಕೂಗಿತು. ಓತಿಲಿಯಾ ಎರಡೂ ಕೈಗಳನ್ನು ಬಾಯಿಗೆ ಹಿಡಿದಳು.